ಒಂದಡಿ ಕಡಿಮೆ ಬಿದ್ದ ಗೆರೆ

ಬೆಳಗಿನ ಐದೂವರೆ. ಯಂಗ್ಸ್‌ಟೌನ್‌ನ ಮಿಲ್ ಬೀದಿಯ ಜಿಮ್‌ನಲ್ಲಿ ಎಮಿಲ್ ಹ್ರೂಷ್ಕಾ ಮಂಡಿಯೂರಿ ಅಳತೆ ಟೇಪು ಎಳೆಯುತ್ತಿದ್ದಾರೆ. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಮುಂದಿನ ಬಣ್ಣದ ಪಟ್ಟೆಯ ಅಗಲ ಹದಿನಾರು ಅಡಿ. ಮೂರು ಸಲ ಅಳೆಯುತ್ತಾರೆ. ಮೂರನೆಯದು ತಮ್ಮ ಮೇಲಿನ ಅಪನಂಬಿಕೆಗೆ ಎನ್ನುತ್ತಾರೆ.

ಅರವತ್ತೆಂಟರ ಎಮಿಲ್ ನಲವತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದಾರೆ. ಮುನ್ನೂರಕ್ಕೂ ಹೆಚ್ಚು ಅಂಕಣಗಳ ಮರದ ನೆಲ ಉಜ್ಜಿ, ಗೆರೆ ಎಳೆದು, ವಾರ್ನಿಷ್ ಬಳಿದಿದ್ದಾರೆ. ಮಂಡಿಚಿಪ್ಪು ಎರಡೂ ಸವೆದಿವೆ. ಹೆಂಡತಿ ಡೊರೀನ್ ಕಟ್ಟಿಕೊಡುವ ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಮಧ್ಯಾಹ್ನದವರೆಗೆ ಡಬ್ಬಿಯಲ್ಲೇ ತಣ್ಣಗಾಗುತ್ತದೆ. ಆಟ ನೋಡುವವರ ಕಣ್ಣಿಗೆ ಚೆಂಡು ಬೀಳುತ್ತದೆ, ಗೆರೆ ಎಳೆದವನು ಬೀಳುವುದಿಲ್ಲ.

ಪತ್ರಿಕೆಗೆ ಮಾತಾಡಲು ಅವರು ಒಂದು ಷರತ್ತು ಹಾಕಿದರು. "ಹೊಗಳ್ಕೊಂಡು ಬರಿಯೋದಾದ್ರೆ ಬೇಡ. ನಾನು ಮಾಡಿದ ತಪ್ಪೊಂದಿದೆ, ಅದನ್ನೂ ಹಾಕ್ಬೇಕು."

ವೃತ್ತಿಪರ ಆಟದಲ್ಲಿ ಬುಟ್ಟಿ ಕಾಯುವವರಿಗೆ ಒಂದು ಕಟ್ಟಳೆಯಿದೆ. ಎದುರಾಳಿ ಯಾರೂ ಕೈಗೆಟಕುವಷ್ಟು ಹತ್ತಿರ ಇಲ್ಲದಿದ್ದರೆ ಆ ಪಟ್ಟೆಯೊಳಗೆ ಮೂರು ಸೆಕೆಂಡ್ ಮೀರಿ ನಿಲ್ಲುವಂತಿಲ್ಲ. ಬುಟ್ಟಿಯಡಿ ಬೀಡುಬಿಟ್ಟು ಜಾಗ ಕಾಯುವುದು ನಿಷಿದ್ಧ. ಎತ್ತರದ ಆಟಗಾರ ಎರಡು ಎಣಿಸುವಷ್ಟರಲ್ಲಿ ಗೆರೆಯಾಚೆ ಕಾಲಿಟ್ಟು ಮತ್ತೆ ಒಳಗೆ ಬರಬೇಕು. ಕಣ್ಣು ಚೆಂಡಿನ ಮೇಲೇ ಇರುವುದರಿಂದ ಗೆರೆ ಎಲ್ಲಿದೆಯೆಂದು ಕಾಲಿಗೇ ತಿಳಿದಿರಬೇಕು.

ಹನ್ನೊಂದು ವರ್ಷದ ಹಿಂದೆ ಊರಿನ ಪುಟ್ಟ ವೃತ್ತಿಪರ ತಂಡ ಇದೇ ಜಿಮ್‌ನಲ್ಲಿ ಅಭ್ಯಾಸ ಮಾಡುತ್ತಿತ್ತು. ಎಮಿಲ್ ಟೇಪಿನ ತುದಿಯ ಕೊಕ್ಕೆ ಮುರಿದಿತ್ತು. ಹಾಗಾದಾಗ ಕಸುಬಿನವರೆಲ್ಲ ಮಾಡುವಂತೆ ಟೇಪಿನ ಒಂದಡಿ ಗುರುತನ್ನು ಎಡಗೆರೆಗಿಟ್ಟು ಅಳತೆ ಶುರುಮಾಡಿದರು. ಆ ಒಂದಡಿಯನ್ನು ಕೊನೆಗೆ ಕೂಡಿಸಿಕೊಳ್ಳಬೇಕು. ಮರೆತರು. ಹದಿನೇಳರಲ್ಲಿ ಎಳೆಯಬೇಕಾದ ಬಲಗೆರೆಯನ್ನು ಹದಿನಾರರಲ್ಲೇ ಎಳೆದರು. ಪಟ್ಟೆ ಹದಿನೈದೇ ಅಡಿಯಾಯಿತು. ಯಾರಿಗೂ ಗೊತ್ತಾಗಲಿಲ್ಲ.

ಆ ತಂಡದ ಬುಟ್ಟಿ ಕಾಯುವವರು ಡಾರ್ನೆಲ್ ಮೇಬೆರಿ. ನಡುವಿನಿಂದ ಬಲಕ್ಕೆ ಎರಡು ಹೆಜ್ಜೆ, ಮತ್ತೆ ಒಳಗೆ. ಆರು ವಾರ ಕಾಲಿಗೆ ಅದನ್ನೇ ಕಲಿಸಿದರು. ಮೊದಲ ಪಂದ್ಯ ಬೇರೆ ಅಂಕಣದಲ್ಲಿ, ಸರಿಯಾದ ಗೆರೆಗಳ ಮೇಲೆ. ಆಚೆ ಕಾಲಿಟ್ಟೆನೆಂದುಕೊಂಡ ಕಾಲು ಒಳಗೇ ಇತ್ತು. ರೆಫರಿ ಎರಡು ಸಲ ಸೀಟಿ ಊದಿದರು. ಎರಡನೆಯದು ಕೊನೆಯ ನಿಮಿಷದಲ್ಲಿ. ದಂಡವಾಗಿ ಎದುರಾಳಿಗೆ ಸಿಕ್ಕ ಒಂದು ಎಸೆತ ಬುಟ್ಟಿಗೆ ಬಿತ್ತು, ಒಂದು ಅಂಕದಿಂದ ತಂಡ ಸೋತಿತು. 'ಕಾಲು ನಿಧಾನ' ಎಂದು ಅದೇ ವಾರ ಡಾರ್ನೆಲ್‌ರನ್ನು ಕೈಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಮುಂದಿನ ಬೇಸಿಗೆಯಲ್ಲಿ ನೆಲ ಉಜ್ಜುವಾಗ ಎಮಿಲ್‌ಗೆ ಸತ್ಯ ಕಂಡಿತು. "ಹದಿನೈದು ಅಂತ ಟೇಪು ಹೇಳ್ತಿದೆ. ಗುತ್ತಿಗೆ ಹೋಗುತ್ತೆ ಅಂತ ಸುಮ್ನೆ ಉಜ್ಜಿಬಿಟ್ಟೆ. ಗೆರೆ ಹೋಯ್ತು, ನಾಚಿಕೆ ಹೋಗ್ಲಿಲ್ಲ. ಇವತ್ತಿಗೂ ಅವನ ಮುಖ ನೋಡಕ್ಕಾಗಲ್ಲ."

ಡಾರ್ನೆಲ್ ಈಗ ಶಾಲಾ ಬಸ್ಸಿನ ಚಾಲಕ. ದಿನಾ ಇದೇ ಬೀದಿಯಲ್ಲಿ ಹೋಗುತ್ತಾರೆ. ಬಸ್ಸು ಕಂಡರೆ ಎಮಿಲ್ ಬೇರೆ ಕಡೆ ತಿರುಗುತ್ತಾರೆ. "ಪೇಪರ್‌ನಲ್ಲಿ ಓದಿ ಅವನಿಗೆ ಗೊತ್ತಾಗೋದಾ? ಮೊದಲು ನೀನೇ ಹೋಗಿ ಹೇಳು," ಎಂದು ಡೊರೀನ್ ಗದರಿದ ಮೇಲೆ ಇವತ್ತು ಅವರನ್ನು ಜಿಮ್‌ಗೆ ಕರೆಸಿದ್ದಾರೆ.

ಆರು ಗಂಟೆಗೆ ಡಾರ್ನೆಲ್ ಬರುತ್ತಾರೆ. ಬಾಗಿಲಲ್ಲಿ ತಲೆ ತಗ್ಗಿಸುವಷ್ಟು ಎತ್ತರ. ಎಮಿಲ್ ನೆಲ ನೋಡಿಕೊಂಡೇ ಎಲ್ಲ ಹೇಳುತ್ತಾರೆ. ಕೊಕ್ಕೆ, ಟೇಪು, ಮರೆತ ಒಂದಡಿ, ಮುಚ್ಚಿಟ್ಟ ಹನ್ನೊಂದು ವರ್ಷ.

ಡಾರ್ನೆಲ್ ಶೂ ಬಿಚ್ಚಿಟ್ಟು ಬುಟ್ಟಿಯಡಿ ನಿಲ್ಲುತ್ತಾರೆ. ಕಣ್ಣು ಮುಚ್ಚುತ್ತಾರೆ. ಬಲಕ್ಕೆ ಎರಡು ಹೆಜ್ಜೆ.

"ಎಲ್ಲಿದೆ ಕಾಲು, ಮಿಸ್ಟರ್ ಎಮಿಲ್?"

ಎಮಿಲ್ ಟೇಪು ಹಿಡಿಯುತ್ತಾರೆ. "ಗೆರೆಗಿಂತ ಒಂದಡಿ ಒಳಗಿದೆಯಪ್ಪಾ."

"ನನ್ನ ಕಾಲು ನಿಧಾನ ಅಂತ ನಮ್ಮಮ್ಮನೂ ನಂಬ್ಕೊಂಡೇ ತೀರ್ಕೊಂಡ್ಳು," ಎನ್ನುತ್ತಾರೆ ಡಾರ್ನೆಲ್, ಕಣ್ಣು ತೆರೆಯದೆ. "ಇಷ್ಟು ದಿನ ಹೇಳ್ದೆ ಇದ್ದಿದ್ದು ಸರಿಯಿಲ್ಲ, ಮಿಸ್ಟರ್ ಎಮಿಲ್."

"ಇಲ್ಲ. ಸರಿಯಿಲ್ಲ."

ಶೂ ಹಾಕಿಕೊಂಡು ಡಾರ್ನೆಲ್ ಬಸ್ಸಿಗೆ ಹೋಗುತ್ತಾರೆ. ಕ್ಷಮಿಸಿದೆ ಎನ್ನುವುದಿಲ್ಲ, ಎಮಿಲ್ ಕೇಳುವುದೂ ಇಲ್ಲ. ಟೇಪು ಸುತ್ತುತ್ತಾ ಎಮಿಲ್ ಪತ್ರಿಕೆಗೆ ಒಂದೇ ಕೋರಿಕೆ ಇಡುತ್ತಾರೆ.

"ನನ್ನ ಫೋಟೋ ಹಾಕ್ಬೇಡಿ. ಆ ಜಾಗದಲ್ಲಿ ದಪ್ಪಕ್ಷರದಲ್ಲಿ ಹಾಕಿ, ಮೇಬೆರಿ ಕಾಲು ಸರಿಯಾಗೇ ಇತ್ತು ಅಂತ."