ಚರಂಡಿಯ ಮೇಲಿನ ಮೂರು ಚಪ್ಪಡಿ

ನಾವು ಬಂದಿಳಿದ ಊರಿಗೆ ಓಣಿಯೇ ಇರಲಿಲ್ಲ. ಹೊಲಿಗೆ ಯಂತ್ರ, ಜೋಳದ ಚೀಲ, ಹಾಸಿಗೆಯ ಗಂಟು ಎಲ್ಲ ಇಳಿಸಿಕೊಂಡು ಬಸ್ ನಿಲ್ದಾಣದಲ್ಲಿ ನಿಂತು, ಬಾಡಿಗೆ ಮನೆಯ ಒಡತಿಗೆ ಫೋನು ಹಚ್ಚಿ, "ನಿಮ್ಮ ಮನಿ ಯಾವ ಓಣ್ಯಾಗ ಬರತೈತ್ರಿ?" ಎಂದು ಕೇಳಿದೆ. ಆಕೆಗೆ ತಿಳಿಯಲಿಲ್ಲ. "ಓಣಿಯಾ? ಅದೆಂತದ್ದು? ಇಲ್ಲಿ ಹಾಗೆಲ್ಲ ಇಲ್ಲ. ಗುಡ್ಡೆ ಹತ್ತಿ ಬನ್ನಿ, ಹಲಸಿನ ಮರದ ಹತ್ರ ಗೇಟು ಉಂಟು" ಎಂದರು.

ಬಾದಾಮಿ ಕಡೆಯ ನನ್ನ ಜನರೇ, ಇದನ್ನು ನಿಮಗೆ ಹೇಗೆ ತಿಳಿಸಲಿ? ನಮ್ಮಲ್ಲಿ ಮನೆಗೆ ಮನೆ ಆತುಕೊಂಡಿರುತ್ತದೆ. ಮುಂದೊಂದು ಕಟ್ಟೆ, ಅದರ ಮುಂದೆ ಓಣಿ. ಶೇಂಗಾ ಸುಲಿಯುವುದು, ತಲೆ ಬಾಚುವುದು, ಜಗಳ ಕಾಯುವುದು, ರಾಜಿ ಆಗುವುದು ಎಲ್ಲ ಅಲ್ಲೇ. ಓಣಿ ಯಾರದು ಎಂದು ನನ್ನ ಅವ್ವನ ಬಾಯಲ್ಲಿ ಒಮ್ಮೆಯೂ ಕೇಳಿಲ್ಲ. ಇಲ್ಲಿ ಪ್ರತಿ ಮನೆಯೂ ಅದರದರ ಕಂಪೌಂಡಿನೊಳಗೆ ಒಂಟಿ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕು. ಗಾರೆ ಕೆಲಸಕ್ಕೆಂದು ನಮ್ಮವರು ಬೆಳಿಗ್ಗೆ ಹೊರಟರೆ, ಸಂಜೆಯವರೆಗೆ ನಾನು ಗೋಡೆಯ ಜೊತೆ ಮಾತಾಡುತ್ತಿದ್ದೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರರ ಕಡೆಯ ಒಂದು ಪೇಟೆ ಇದು. ಹೆಸರು ಬರೆಯುವುದಿಲ್ಲ, ನಾಳೆಯೂ ಅಲ್ಲೇ ಓಡಾಡಬೇಕು.

ನಮ್ಮವರು ಕರಣಿ, ಬಾಂಡಲಿಯಂಥ ಗಾರೆ ಸಾಮಾನು ಕೊಳ್ಳುತ್ತಿದ್ದ ಹಾರ್ಡ್‌ವೇರ್ ಅಂಗಡಿಯ ಯಜಮಾನರು ವಾಸಣ್ಣ. ಅಂಗಡಿಯ ಮುಂದೆ ರಸ್ತೆಬದಿಯ ಚರಂಡಿ, ಅದರ ಮೇಲೆ ಮೂರು ಸಿಮೆಂಟ್ ಚಪ್ಪಡಿ. ನನ್ನ ಹತ್ತಿರ ಹೊಲಿಗೆ ಯಂತ್ರ ಇದೆ ಎಂದು ಕೇಳಿದ ದಿನವೇ ಅವರು ಆ ಚಪ್ಪಡಿ ತೋರಿಸಿದರು. "ಇಲ್ಲಿ ಕೂತ್ಕೊಳ್ಳಿ ಮಲ್ಲವ್ವ. ನಮ್ಮದೇ ಜಾಗ. ಯಾರೂ ಕೇಳುವುದಿಲ್ಲ." ಬಾಡಿಗೆಯ ಮಾತೇ ಎತ್ತಲಿಲ್ಲ.

ಹಾಗೆ ನನಗೊಂದು ಓಣಿ ಸಿಕ್ಕಿತು, ಮೂರು ಚಪ್ಪಡಿ ಉದ್ದದ್ದು. ಬ್ಯಾಗಿನ ಜಿಪ್ಪು ಹಾಕಿದೆ, ರೇನ್‌ಕೋಟು ಹೊಲಿದೆ. ನಮ್ಮೂರಲ್ಲಿ ಕೊಡೆ ಎಂದರೆ ಬಿಸಿಲಿಗೆ. ಇಲ್ಲಿ ಅದು ಮೈಯ ಒಂದು ಅಂಗ. ಕೊಡೆಯ ಕಡ್ಡಿ ಕಟ್ಟುವುದನ್ನು ಪಕ್ಕದಲ್ಲಿ ಬೆಲ್ಟು, ಟೋಪಿ ಮಾರುತ್ತಿದ್ದ ಇದಿನಬ್ಬ ಕಾಕಾ ಕಲಿಸಿಕೊಟ್ಟರು. ತುಳುವಿನಲ್ಲಿ "ಏತಾಂಡ್" ಎಂದರೆ ಎಷ್ಟಾಯಿತು ಎಂದು, "ಎಲ್ಲೆ" ಎಂದರೆ ನಾಳೆ ಎಂದು ಕಲಿತೆ. ಮೊದಲ ಸಲ ತುಳುವಿನಲ್ಲಿ ಗಿರಾಕಿಯನ್ನು ಬೈದ ದಿನ ಇಡೀ ಸಾಲು ನಕ್ಕಿತು. ಅವತ್ತು ಮನೆಗೆ ಹೋಗಿ ಖುಷಿಗೆ ಹೋಳಿಗೆ ಮಾಡಿದೆ. ಜಡಿಮಳೆಯ ಆಟಿ ತಿಂಗಳಲ್ಲಿ ವಾಸಣ್ಣನ ಮನೆಯಿಂದ ಪತ್ರೊಡೆ ಬರುತ್ತಿತ್ತು. ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸಿದ್ದು. ಮೊದಲ ವರ್ಷ ಗಂಟಲು ಕೆರೆಯುತ್ತದೇನೋ ಎಂದು ಹೆದರಿ ತಿಂದೆ, ಆಮೇಲೆ ಕಾದು ತಿಂದೆ.

ಮೂರನೆಯ ವರ್ಷ ಪುರಸಭೆಯವರು ಬೀದಿ ವ್ಯಾಪಾರಿಗಳನ್ನು ಲೆಕ್ಕ ಹಾಕಲು ಬಂದರು. ಹೆಸರು, ಫೋಟೊ, ಕೂರುವ ಜಾಗ ಬರೆದುಕೊಂಡು ಆಮೇಲೆ ಗುರುತಿನ ಚೀಟಿ ಕೊಡುತ್ತಾರಂತೆ. ನನ್ನ ಸರದಿ ಬಂದಾಗ ವಾಸಣ್ಣ ಒಳಗಿಂದಲೇ ಕೂಗಿದರು, "ಅವರನ್ನು ಬರೆಯುವುದು ಬೇಡ ಮಾರಾಯ. ಬೀದಿಯವರಲ್ಲ ಅವರು, ನಮ್ಮ ಜನ. ಅಂಗಡಿಯವರೇ ಅಂತ ತಿಳ್ಕೊಳ್ಳಿ."

ನಮ್ಮ ಜನ! ಆ ಮಾತು ಕೇಳಿ ನನ್ನ ಎದೆ ತುಂಬಿ ಬಂತು. ಬರೆಯುವವನು ನನ್ನನ್ನು ದಾಟಿ ಹೋದ, ನಾನೇ ನಗುತ್ತಾ ಕಳಿಸಿಕೊಟ್ಟೆ. ಇದಿನಬ್ಬ ಕಾಕಾ ಮಾತ್ರ ಬೇಡವೆಂಬಂತೆ ತಲೆ ಆಡಿಸಿದರು.

"ನೀವು ಬರೆಸ್ಬೇಕಿತ್ತು."

"ಅಣ್ಣಾರ ಮಾತ ಕೊಟ್ಟ ಮ್ಯಾಲ ಕಾಗದ ಕೇಳಿದ್ರ ಮರ್ಯಾದಿ ಇರತೈತೇನ್ರಿ ಕಾಕಾ?"

"ಮರ್ಯಾದೆ ಬೇರೆ, ಪಟ್ಟಿ ಬೇರೆ" ಎಂದರು. ಇವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ನಮ್ಮ ಕಡೆ ಉಂಡ ಮನೆಯವರ ಹತ್ತಿರ ಬರೆದುಕೊಡಿ ಅನ್ನುವುದು ಬೈಗುಳಕ್ಕಿಂತ ಕೆಟ್ಟದ್ದು. ಆ ಸಂಸ್ಕಾರವನ್ನು ನಾನು ಜೋಳದ ಚೀಲದ ಜೊತೆಗೇ ಹೊತ್ತು ತಂದಿದ್ದೆ.

ಕಳೆದ ಬೇಸಿಗೆಯಲ್ಲಿ ನೋಟಿಸು ಬಂತು. ಚರಂಡಿಯ ಮೇಲೆ ಕಟ್ಟಿದ್ದೆಲ್ಲ ತೆಗೆದು, ಜನ ನಡೆಯಲು ಫುಟ್‌ಪಾತ್ ಮಾಡುತ್ತಾರಂತೆ. ಪಟ್ಟಿಯಲ್ಲಿದ್ದವರಿಗೆ ಮಾರ್ಕೆಟ್ಟಿನ ಹಿಂದೆ ಬಿಳಿ ಬಣ್ಣದಲ್ಲಿ ಚೌಕ ಎಳೆದು ನಂಬರು ಬರೆದರು. ಇದಿನಬ್ಬ ಕಾಕಾನಿಗೆ ಹನ್ನೊಂದನೆಯದು. ನಾನು ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗಿ ತಾಳ್ಮೆಯಿಂದ ಬಿಡಿಸಿ ಹೇಳಿದಳು. "ರಸ್ತೆ, ಚರಂಡಿ, ಅದರ ಬದಿ, ಎಲ್ಲ ಪುರಸಭೆಯದ್ದು ಅಕ್ಕ. ಅಂಗಡಿಯವರದ್ದು ಶಟರಿನವರೆಗೆ ಮಾತ್ರ. ಪಟ್ಟಿಯಲ್ಲಿ ಇದ್ದವರನ್ನು ಬೇರೆ ಜಾಗ ಕೊಡದೆ ಎಬ್ಬಿಸುವ ಹಾಗಿಲ್ಲ, ಕಾನೂನು ಉಂಟು. ನಿಮ್ಮ ಹೆಸರು ಇಲ್ಲವಲ್ಲ. ನೀವು ಅಲ್ಲಿ ಕೂರ್ತಿದ್ರಿ ಅಂತ ಅಂಗಡಿಯವರು ಬರೆದುಕೊಡಲಿ, ಸಮಿತಿಯ ಮುಂದೆ ಇಡ್ತೇವೆ."

ಇಷ್ಟೇ ತಾನೆ! ಓಡಿ ಬಂದು ವಾಸಣ್ಣನಿಗೆ ಹೇಳಿದೆ. ಅವರು ತಕ್ಕಡಿಯಲ್ಲಿ ಮೊಳೆ ತೂಗುತ್ತಾ, "ಆಯ್ತು, ನೋಡುವ" ಎಂದರು. ಮರುದಿನವೂ ನೋಡುವ. ವಾರ ಕಳೆದರೂ ನೋಡುವ.

ಮತ್ತೆ ಕಚೇರಿಗೆ ಹೋದಾಗ ಆ ಹುಡುಗಿ ಒಂದು ಕಾಗದ ನನ್ನ ಕಡೆ ತಿರುಗಿಸಿದಳು. ನೋಟಿಸಿಗೆ ವಾಸಣ್ಣ ಕೊಟ್ಟ ಉತ್ತರ. ಚಪ್ಪಡಿ ಇರುವ ಜಾಗ ತನ್ನ ಸ್ವಂತದ್ದು. ಅಲ್ಲಿ ಎಂದೂ ಬೀದಿ ವ್ಯಾಪಾರ ನಡೆದಿಲ್ಲ. ಘಟ್ಟದ ಮೇಲಿನ ಒಬ್ಬ ಹೆಂಗಸು ಆಗೀಗ ಬಂದು ಕೂರುತ್ತಿದ್ದಳು, ಹೇಳಿ ಎಬ್ಬಿಸಲಾಗಿದೆ. ಕೆಳಗೆ ಅವರದೇ ಸಹಿ.

ಮೂರು ಸಲ ಓದಿದೆ. ಆರು ವರ್ಷ ಹೆಸರು ಹಿಡಿದು ಕರೆದವರಿಗೆ ಕಾಗದದಲ್ಲಿ ನಾನು ಒಬ್ಬ ಹೆಂಗಸು. ಪಟ್ಟಿ ಬರೆಯಲು ಬಂದ ದಿನದ ಗುಟ್ಟು ಅಲ್ಲೇ ತಿಳಿಯಿತು. ಅವತ್ತು ನನ್ನ ಹೆಸರಿನ ಮುಂದೆ ಆ ಚಪ್ಪಡಿಯನ್ನು ಬರೆದಿದ್ದರೆ ಅದು ಬೀದಿ ಎಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಅವರ ಜಾಗ ಉಳಿಯಲೆಂದು ನನ್ನನ್ನು "ನಮ್ಮ ಜನ" ಮಾಡಿಕೊಂಡರು. ಕುರಿ ಕಟುಕನನ್ನೇ ನಂಬಿತು.

ನೇರ ಅಂಗಡಿಗೆ ಹೋಗಿ ಕೇಳಿದೆ. "ನಮ್ಮ ಜನ ಅಂದಿದ್ರೆಲ್ರೀ ಅಣ್ಣಾರ?"

ಅವರು ಮುಖ ಎತ್ತಲಿಲ್ಲ. "ಲಾಯರು ಬರೆದದ್ದು. ಹಾಗೆ ಬರೆಯದೆ ಆಗುವುದಿಲ್ಲ ಅಂದ್ರು. ನಿಮ್ಮ ಮೇಲೆ ನನಗೆ ಎಂತದೂ ಇಲ್ಲ. ಒಳಗೆ ಬನ್ನಿ, ಚಾ ಕುಡಿಯುವ."

ಊಟಕ್ಕಿಲ್ಲದ ಉಪ್ಪಿನಕಾಯಿ. ಕುಡಿಯಲಿಲ್ಲ. ಯಂತ್ರ ಹೊತ್ತು ಬಂದೆ.

ಜೆಸಿಬಿ ಬಂದು ಮೂರು ಚಪ್ಪಡಿಯನ್ನೂ ಎತ್ತಿತು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಈಗ ಅಲ್ಲಿ ಶಾಲೆಯ ಮಕ್ಕಳು ರಸ್ತೆಗಿಳಿಯದೆ ನಡೆದು ಹೋಗುತ್ತಾರೆ. ಕಾನೂನು ಸರಿಯಾಗಿಯೇ ಇದೆ, ಅದರೊಳಗೆ ನಾನೊಬ್ಬಳು ಇಲ್ಲ ಅಷ್ಟೇ. ಆ ದಾರಿಯಲ್ಲಿ ನಾನು ಎದುರಿನ ಬದಿಯಿಂದ ಹೋಗುತ್ತೇನೆ. ಆಟಿಯಲ್ಲಿ ಪತ್ರೊಡೆಯ ವಾಸನೆ ಬಂದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ, ಅದಕ್ಕೆ ಇನ್ನಷ್ಟು ಸಿಟ್ಟು.

ಊರಿಗೆ ಫೋನು ಮಾಡಿ ತಮ್ಮನ ಹೆಂಡತಿಯ ಹತ್ತಿರ ಅತ್ತುಬಿಟ್ಟೆ. "ಬರ್ರಿ ಅಕ್ಕಾರ, ಎರಡ ದಿನ ಇದ್ದು ಹೋಗೀರಂತ" ಎಂದಳು. ಪ್ರೀತಿಯಿಂದಲೇ ಅಂದದ್ದು. ಆದರೂ "ಎರಡ ದಿನ" ಎಂಬ ಆ ಮಾತು ನನಗೆ ಚುಚ್ಚಿತು.

ಮೊನ್ನೆ ಇದಿನಬ್ಬ ಕಾಕಾ ಮನೆಗೇ ಬಂದರು. "ನನ್ನ ಚೌಕದಲ್ಲಿ ಅರ್ಧ ಖಾಲಿ ಉಂಟು, ಯಂತ್ರ ತನ್ನಿ. ಆರು ವರ್ಷ ನೀವು ಪಕ್ಕದಲ್ಲಿ ಕೂತದ್ದನ್ನು ಸಮಿತಿಗೂ ಹೇಳ್ತೇನೆ" ಎಂದರು. ಇಂಥ ಮಾತಿಗೆ ಮೊದಲಾಗಿದ್ದರೆ ಕೈ ಮುಗಿಯುತ್ತಿದ್ದೆ.

"ಬರದ ಕೊಡ್ತೀರೇನ್ರಿ ಕಾಕಾ?" ಎಂದು ಕೇಳಿದೆ.

ಅವರ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ಕಿಸೆಯಿಂದ ಪೆನ್ನು ತೆಗೆದು, ಸಮಿತಿಗೆ ಕೊಡಲೆಂದು ನಾನು ಕಚೇರಿಯಿಂದ ತಂದಿಟ್ಟಿದ್ದ ಅರ್ಜಿಯ ಹಾಳೆಯನ್ನು ಮೊಣಕಾಲ ಮೇಲಿಟ್ಟು ನಿಧಾನವಾಗಿ ಬರೆದರು. ನಡುವೆ ನಿಲ್ಲಿಸಿ ಕೇಳಿದರು, "ಸ್ವಂತ ಊರು ಯಾವುದಂತ ಬರೆಯುವುದು?"

"ಎರಡೂ ಬರೀರಿ."

"ಒಂದೇ ಗೆರೆ ಉಂಟು ಮಾರಾಯ್ತಿ."

ಈ ಊರಿನ ಹೆಸರು ಹೇಳಿದೆ. ಹೇಳುವಾಗ ಅವ್ವನ ಎದುರಿಗೆ ನಿಂತು ಸುಳ್ಳು ಹೇಳಿದ ಹಾಗಾಯಿತು.