ನಮ್ಮಮ್ಮನ ಕಿವಿ

ನಮ್ಮಮ್ಮ ಇಪ್ಪತ್ತು ವರ್ಷ ಗಿರಣಿಯಲ್ಲಿ ನಿಂತು ನೂಲು ಸುತ್ತಿ ನನ್ನನ್ನು ಸಾಕಿದಳು. ಆ ಯಂತ್ರಗಳ ಸದ್ದು ಅವಳ ಕಿವಿಯನ್ನೇ ತಿಂದುಹಾಕಿತು. ಬಾಗಿಲು ಮುರಿದು ಬಿದ್ದರೂ ಕೇಳಿಸದು, ಆದರೆ ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಕೆಮ್ಮಿದರೆ ಸಾಕು, ಬಿಸಿನೀರು ಹಿಡಿದು ಓಡುವಳು. ಬೀದಿಯಲ್ಲಿ ಗಂಟೆ ಎಷ್ಟೆಂದು ಕೇಳಿದವರಿಗೂ "ಹೂಂ, ಊಟ ಆಯ್ತು" ಅನ್ನುವಳು. ನಾನು ಬಡಗಿ, ನನ್ನ ಉಳಿ, ಸುತ್ತಿಗೆಗಳನ್ನು ದಿನಾ ಒರೆಸಿ ಎಲ್ಲೋ ಜೋಪಾನ ಮಾಡಿಡುವಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ಎಷ್ಟು ಸಲ ಬಡ್ಕೊಳ್ಳಲಿ, ಮುಟ್ಟಬೇಡ ಅಂತ!" ಎಂದು ಕಿರುಚುತ್ತಿದ್ದೆ. ಈಗ ಉಳಿ ಇಟ್ಟಲ್ಲೇ ಇರುತ್ತದೆ, ನೋಡಿದರೆ ಕೆಲಸಕ್ಕೆ ಕೈಯೇ ಏಳುವುದಿಲ್ಲ. ನಾನು ಕಿರುಚಿದಾಗೆಲ್ಲ ಅವಳು "ಏನಂದ್ನೇ ನಿಮ್ಮಪ್ಪ?" ಎಂದು ಮೊಮ್ಮಗಳತ್ತ ತಿರುಗುವಳು. ನನ್ನ ಮಗಳು ಅಜ್ಜಿಯ ಕಿವಿಗೆ ಬಾಯಿಟ್ಟು ಏನೋ ಹೇಳುವಳು, ಅಮ್ಮನ ಮುಖ ಅರಳುವುದು. ಅದನ್ನು ಕಂಡು ನನ್ನ ಪಿತ್ತ ಇನ್ನೂ ನೆತ್ತಿಗೇರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಎದುರುಮನೆಯಾಕೆ ಬಂದು, "ನಿಮ್ಮಂಥ ಮಗ ಎಲ್ಲರಿಗೂ ಸಿಗಲ್ಲ ಅಣ್ಣಾ. ಕಾಲುನೋವು ಹೇಗಿದೆ ಅಂತ ದಿನಕ್ಕೆ ಹತ್ತು ಸಲ ಕೇಳ್ತಾನೆ ಅಂತ ಹೇಳ್ಕೊಂಡು ಓಡಾಡ್ತಿದ್ರು" ಅಂದಳು. ನಾನು ಮಗಳ ಮುಖ ನೋಡಿದೆ, ಅವಳು ತಲೆ ತಗ್ಗಿಸಿದಳು. ಅಮ್ಮನಿಗೆ ನೋಯುತ್ತಿದ್ದದ್ದು ಎಡಗಾಲೋ ಬಲಗಾಲೋ ಅನ್ನುವುದೂ ನನಗೆ ಗೊತ್ತಿಲ್ಲ, ಮಗಳನ್ನೇ ಕೇಳಬೇಕು.