ಫ್ಯೂಸ್ ಹಾಕಲು ಹೋದ ಕೃಷ್ಣ

ತೊಂಬತ್ತರ ದಶಕದಲ್ಲಿ ಹರದನಹಳ್ಳಿಯ ನಾಟಕಗಳಲ್ಲಿ ಕೃಷ್ಣನ ಪಾತ್ರ ನಮ್ಮ ಚಿಕ್ಕಪ್ಪನದೇ. ಊರಿನ ಲೈನ್‌ಮನ್ ಕೂಡ ಅವರೇ. ದ್ರೌಪದಿಯ ಮಾನ ಕಾಪಾಡಲು ಬರುವಾಗ ಹಾಡಬೇಕಾದ ಒಂದೇ ಒಂದು ಹಾಡನ್ನು ಮೂರು ತಿಂಗಳು ಮನೆಯಲ್ಲಿ ಹಾಡಿ ಹಾಡಿ, ನಮ್ಮ ಎಮ್ಮೆಗೂ ಬಾಯಿಪಾಠ ಮಾಡಿಸಿಬಿಟ್ಟಿದ್ದರು. ನನಗಂತೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ನಾಟಕದ ದಿನ ದುಶ್ಶಾಸನ ದ್ರೌಪದಿಯ ಸೆರಗಿಗೆ ಕೈ ಹಾಕಿದ್ದೇ ತಡ, ಕರೆಂಟು ಹೋಯಿತು. ಪರದೆಯ ಮರೆಯಲ್ಲಿ ಕಾಯುತ್ತಿದ್ದ ಚಿಕ್ಕಪ್ಪ ಕೆಳಗಿಳಿದು ಬಂದು, ಮುಂದೆಯೇ ಕೂತಿದ್ದ ನನ್ನ ಮಡಿಲಿಗೆ ಕಿರೀಟ ಇಟ್ಟು, ಪೀತಾಂಬರ ಎತ್ತಿ ಕಟ್ಟಿ, ಫ್ಯೂಸ್ ಹಾಕಲು ಟ್ರಾನ್ಸ್‌ಫಾರ್ಮರ್ ಕಡೆ ಓಡಿದರು. ಹಾರ್ಮೋನಿಯಂ ಮೇಷ್ಟ್ರು ನುಡಿಸುವುದನ್ನು ನಿಲ್ಲಿಸಲಿಲ್ಲ. ಮೈಸೂರಿನಿಂದ ಕರೆಸಿದ್ದ ದ್ರೌಪದಿ ಪಾತ್ರಧಾರಿ ಮೈಕಿಲ್ಲದೆ, ಕತ್ತಲಲ್ಲೇ ಕೃಷ್ಣನನ್ನು ಕರೆದು ಕರೆದು ಹಾಡಿದಳು. ನನ್ನ ಪಕ್ಕದ ಹೆಂಗಸರೆಲ್ಲ ಸೆರಗಿನಿಂದ ಮೂಗೊರೆಸಿಕೊಂಡರು.

ಅವಳು ಕೊನೆಯ ಸಲ ‘ಕೃಷ್ಣಾ’ ಎಂದಳು. ಎಲ್ಲಾ ದೀಪಗಳೂ ಝಗ್ಗನೆ ಹತ್ತಿಕೊಂಡವು.

ಜನ ಎದ್ದು ನಿಂತು ಕೈಮುಗಿದರು. ಯಾರೋ ತೆಂಗಿನಕಾಯಿಯನ್ನೂ ಒಡೆದರು. ಏನು ಮಾಡಬೇಕೆಂದು ತೋಚದ ದುಶ್ಶಾಸನ ಸೀರೆ ಬಿಟ್ಟು ದೊಪ್ಪನೆ ಬಿದ್ದ. ಪರದೆ ಎಳೆದೇಬಿಟ್ಟರು.

ಅಷ್ಟರಲ್ಲಿ ಚಿಕ್ಕಪ್ಪ ಏದುಸಿರು ಬಿಡುತ್ತಾ ಬಂದು, ನನ್ನಿಂದ ಕಿರೀಟ ಕಿತ್ತುಕೊಂಡು ತಲೆಗಿಟ್ಟುಕೊಂಡರು. ‘ಮೇಷ್ಟ್ರೇ, ನನ್ ಸೀನು?’ ಎಂದು ಕೇಳಿದರು.

ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಾ ಹೇಳಿದರು: ‘ನೀನು ಬಂದು ಓಗಾಯ್ತು ಕಣ್ಲಾ.’